ಹಳೆಯ ಸಾಮಾನಿನ ಚೌಕಾಸಿ ಮತ್ತು ಶ್ರಾವಕನ ಸತ್ಯ

‘ವ್ಯಾಪಾರಂ ದ್ರೋಹಚಿಂತನಂ’ ಎಂಬ ಗಾದೆ ವರ್ತಕರ ಕಿವಿಗೆ ಹೊಸದಲ್ಲ. ಗಿರಾಕಿ ಅದನ್ನು ನಗುತ್ತ ಹೇಳುತ್ತಾನೆ. ಅಂಗಡಿಯವನು ನಗುತ್ತ ಕೇಳಿಸಿಕೊಳ್ಳುತ್ತಾನೆ. ಈ ನಗೆಯ ಹಿಂದೆ ಇಬ್ಬರೂ ಮೌನವಾಗಿ ಒಪ್ಪಿಕೊಂಡ ಒಂದು ಸಂಗತಿಯಿದೆ. ಮನೆಯಲ್ಲಿ, ಬಸದಿಯಲ್ಲಿ, ನೆಂಟರಿಷ್ಟರ ನಡುವೆ ಆಡುವ ಮಾತಿಗೆ ಒಂದು ನಿಯಮ, ಬೆಲೆ ಕುದುರಿಸುವಾಗ ಆಡುವ ಮಾತಿಗೆ ಬೇರೊಂದು ನಿಯಮ ಎಂಬುದೇ ಆ ಸಂಗತಿ. ಅಣುವ್ರತಗಳನ್ನು ಸ್ವೀಕರಿಸಿದ ಗೃಹಸ್ಥನೂ ಅನೇಕ ವೇಳೆ ಹೀಗೆಯೇ ನಡೆದುಕೊಳ್ಳುತ್ತಾನೆ. ಬೆಳಗಿನಲ್ಲಿ ಸಾಮಾಯಿಕ ಪಾಠ ಹೇಳಿದ ನಾಲಗೆಯೇ ಹತ್ತು ಗಂಟೆಗೆ ಅಂಗಡಿಯ ಗಾದಿಯ ಮೇಲೆ ‘ನನಗೆ ಅಸಲೇ ಇಷ್ಟು ಬಿದ್ದಿದೆ’ ಎಂದು ಸುಳ್ಳು ಹೇಳುತ್ತದೆ. ಬೆಲೆಯ ಮಾತಿಗೆ ನಿಜವಾಗಿಯೂ ಬೇರೆ ನಿಯಮವುಂಟೇ? ಉಂಟಾದರೆ ಅದರ ಎಲ್ಲೆ ಯಾವುದು? ಈ ಪ್ರಶ್ನೆಯನ್ನು ಒರೆಗೆ ಹಚ್ಚಿ ನೋಡಲು ಹಳೆಯ ಸಾಮಾನಿನ ವ್ಯಾಪಾರ ತಕ್ಕ ಕಲ್ಲಾಗಿದೆ.

ಹೊಸ ಸಾಮಾನಿನ ಬೆಲೆ ಬಹುಮಟ್ಟಿಗೆ ಕೊಳ್ಳುವವನ ಮತ್ತು ಮಾರುವವನ ಕೈಮೀರಿದ್ದು. ಪೊಟ್ಟಣದ ಮೇಲೆ ಗರಿಷ್ಠ ಚಿಲ್ಲರೆ ಬೆಲೆ ಅಚ್ಚಾಗಿರುತ್ತದೆ. ಚಿನ್ನದ ದರ ಪತ್ರಿಕೆಯಲ್ಲಿ ಬರುತ್ತದೆ. ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಕ್ವೇಕರ್ ಪಂಥದ ವರ್ತಕರು ಚೌಕಾಸಿಯೇ ಸುಳ್ಳಿಗೆ ಎಡೆಮಾಡುತ್ತದೆಂದು ಬಗೆದು, ಎಲ್ಲರಿಗೂ ಒಂದೇ ಬೆಲೆ ಹೇಳುವ ಪದ್ಧತಿಯನ್ನು ಹಿಡಿದರು. ಮಗುವನ್ನು ಕಳುಹಿಸಿದರೂ ಅದೇ ಬೆಲೆಗೆ ಸಾಮಾನು ದೊರೆಯುವಂತಿರಬೇಕೆಂಬುದು ಅವರ ಆಶಯವಾಗಿತ್ತು. ಅದು ಮೆಚ್ಚತಕ್ಕ ಮಾರ್ಗವೇ ಸರಿ. ಆದರೆ ಬಳಸಿದ ವಸ್ತುವಿಗೆ ಅದು ಪೂರ್ತಿ ಒಗ್ಗುವುದಿಲ್ಲ. ಒಂದೇ ದಿನ ಒಂದೇ ಕಾರ್ಖಾನೆಯಿಂದ ಹೊರಬಂದ ಎರಡು ಹೊಲಿಗೆಯಂತ್ರಗಳು ಇಪ್ಪತ್ತು ವರ್ಷಗಳ ಅನಂತರ ಒಂದೇ ಆಗಿ ಉಳಿದಿರುವುದಿಲ್ಲ. ಒಂದಕ್ಕೆ ತಿಂಗಳು ತಿಂಗಳೂ ಎಣ್ಣೆ ಬಿದ್ದಿದೆ. ಇನ್ನೊಂದು ಮಳೆ ನೀರು ಸೋರುವ ಮೂಲೆಯಲ್ಲಿ ಕುಳಿತಿದೆ. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಹಳೆಯ ಪುಸ್ತಕ ಕೊಳ್ಳುವ ವಿದ್ಯಾರ್ಥಿ, ಜೆ.ಸಿ. ರಸ್ತೆಯಲ್ಲಿ ವಾಹನದ ಹಳೆಯ ಬಿಡಿಭಾಗ ಹುಡುಕುವ ಮೆಕ್ಯಾನಿಕ್, ಹಳೆಯ ಸೀರೆಗೆ ಸ್ಟೀಲ್ ಪಾತ್ರೆ ಕೊಡುವ ಹೆಂಗಸಿನೊಡನೆ ಬಾಗಿಲಲ್ಲಿ ಕುಳಿತು ಮಾತಾಡುವ ಗೃಹಿಣಿ ಇವರೆಲ್ಲರ ಮುಂದೆಯೂ ಇರುವುದು ಬೆಲೆಯೇ ಗೊತ್ತಿಲ್ಲದ ವಸ್ತು. ಇಬ್ಬರು ಮಾತಾಡಿಯೇ ಅದರ ಬೆಲೆಯನ್ನು ಕಂಡುಕೊಳ್ಳಬೇಕು. ಆದುದರಿಂದ ಚೌಕಾಸಿಯನ್ನೇ ದೋಷವೆಂದು ಹೇಳುವಂತಿಲ್ಲ. ಆ ಮಾತುಕತೆಯಲ್ಲಿ ಏನು ನುಸುಳುತ್ತದೆ ಎಂಬುದನ್ನು ಮಾತ್ರ ವಿಚಾರಿಸಬೇಕಾಗಿದೆ.

ಒಂದು ಸನ್ನಿವೇಶವನ್ನು ಕಲ್ಪಿಸಿಕೊಳ್ಳಬಹುದು. ತಾಲ್ಲೂಕು ಪಟ್ಟಣವೊಂದರಲ್ಲಿ ಹಳೆಯ ತೊಟ್ಟಿಮನೆ. ಯಜಮಾನರು ತೀರಿಕೊಂಡಿದ್ದಾರೆ. ದೂರದ ಊರಿನಲ್ಲಿ ನೌಕರಿಯಲ್ಲಿರುವ ಮಗ, ಮನೆಯನ್ನು ಮಾರಿ ತಾಯಿಯನ್ನು ಕರೆದೊಯ್ಯಲು ಎಂಟು ದಿನಗಳ ರಜೆ ಹಾಕಿ ಬಂದಿದ್ದಾನೆ. ಅಟ್ಟದ ಮೇಲಿನ ಹಂಡೆ, ಕೊಪ್ಪರಿಗೆ, ಚೊಂಬು, ತಟ್ಟೆಗಳನ್ನು ಅಂಗಳಕ್ಕೆ ಇಳಿಸಿ, ಹಳೆಯ ಹಿತ್ತಾಳೆ ತಾಮ್ರ ಕೊಳ್ಳುವ ವರ್ತಕನನ್ನು ಕರೆಸಲಾಗಿದೆ. ಕಿಲೋಗ್ರಾಮಿಗೆ ಇಷ್ಟು ಎಂದು ಮಾತಾಗಿದೆ. ರಾಶಿಯ ನಡುವೆ ಮಸಿ ಹಿಡಿದ ಒಂದು ದೀಪವಿದೆ. ತಾಯಿಗೆ ಅದು ಅತ್ತೆಯ ಕಾಲದ ದೀಪ. ಮಗನಿಗೆ ಮೂರು ಕಿಲೋ ಹಿತ್ತಾಳೆ. ಅದು ಕಂಚಿನ ಹಳೆಯ ಎರಕವೆಂದೂ, ಅಂಥ ಕೈಗೆಲಸ ಈಗ ಸಿಗುವುದು ಕಷ್ಟವೆಂದೂ, ಅದನ್ನು ಕೊಳ್ಳುವವರು ತೂಕವನ್ನು ಕೇಳುವುದಿಲ್ಲವೆಂದೂ ವರ್ತಕನೊಬ್ಬನಿಗೆ ಮಾತ್ರ ಗೊತ್ತು. ಅವನು ದೀಪವನ್ನು ಹಂಡೆಯೊಳಗೆ ಹಾಕಿ, ಉಳಿದ ಪಾತ್ರೆಗಳೊಡನೆ ತಕ್ಕಡಿಗೆ ಏರಿಸುತ್ತಾನೆ. ತಕ್ಕಡಿ ಸರಿಯಾಗಿದೆ. ಬೊಟ್ಟುಗಳ ಮೇಲೆ ಸರ್ಕಾರದ ಮುದ್ರೆಯಿದೆ. ಒಂದು ಗ್ರಾಮಿನ ಮೋಸವೂ ಆಗಿಲ್ಲ, ಒಂದು ಸುಳ್ಳು ಮಾತೂ ಹೊರಬಿದ್ದಿಲ್ಲ. ಹಣ ಎಣಿಸಿ ಕೊಟ್ಟು ಅವನು ಗಾಡಿ ಹತ್ತುತ್ತಾನೆ. ಅವನು ಕದ್ದನೇ?

ದೇಶದ ಕಾನೂನು ಬಹುಶಃ ಇಲ್ಲವೆಂದೇ ಹೇಳುತ್ತದೆ. 1872ರ ಭಾರತೀಯ ಕರಾರು ಕಾಯಿದೆಯ 17ನೆಯ ಕಲಮು ವಂಚನೆಯ ಲಕ್ಷಣವನ್ನು ಹೇಳುತ್ತದೆ. ತಿಳಿದೂ ತಿಳಿದೂ ಸುಳ್ಳು ಹೇಳುವುದು, ಗೊತ್ತಿರುವ ಸಂಗತಿಯನ್ನು ಬುದ್ಧಿಪೂರ್ವಕವಾಗಿ ಮರೆಮಾಚುವುದು ವಂಚನೆಯಾಗುತ್ತದೆ. ಬಿರುಕು ಕಾಣದಂತೆ ಬಣ್ಣ ಬಳಿದು ಮಾರುವವನು ಇದರಲ್ಲಿ ಸಿಕ್ಕಿಬೀಳುತ್ತಾನೆ. ಆದರೆ ಮಾತಾಡಲೇಬೇಕಾದ ಕರ್ತವ್ಯವಿಲ್ಲದ ಕಡೆ ಬರಿಯ ಮೌನ ವಂಚನೆಯಾಗುವುದಿಲ್ಲವೆಂದು ಅದೇ ಕಲಮಿನ ವಿವರಣೆ ಸ್ಪಷ್ಟಪಡಿಸುತ್ತದೆ. ಕುದುರೆಗೆ ರೋಗವಿದೆಯೆಂದು ತಿಳಿದಿದ್ದೂ ಹರಾಜಿನಲ್ಲಿ ಸುಮ್ಮನಿದ್ದು ಮಾರಿದವನ ದೃಷ್ಟಾಂತವನ್ನು ಕಾಯಿದೆಯೇ ಕೊಟ್ಟು, ಅದು ವಂಚನೆಯಲ್ಲವೆನ್ನುತ್ತದೆ. ಇನ್ನು 25ನೆಯ ಕಲಮಿನ ದೃಷ್ಟಾಂತದಲ್ಲಿ ಸಾವಿರ ರೂಪಾಯಿಯ ಕುದುರೆಯನ್ನು ಹತ್ತು ರೂಪಾಯಿಗೆ ಮಾರಲು ಒಪ್ಪಿದ ಕರಾರೂ, ಒಪ್ಪಿಗೆ ಸ್ವಇಚ್ಛೆಯದಾಗಿದ್ದರೆ, ಸಿಂಧುವಾಗುತ್ತದೆ. ಬೆಲೆ ಅಷ್ಟು ಕಡಮೆಯಾದುದನ್ನು ಕಂಡು ಒಪ್ಪಿಗೆ ನಿಜವಾಗಿ ಸ್ವಇಚ್ಛೆಯದೇ ಎಂದು ನ್ಯಾಯಾಲಯ ವಿಚಾರಿಸಬಹುದು, ಅಷ್ಟೆ. 1930ರ ಸರಕು ಮಾರಾಟ ಕಾಯಿದೆಯಲ್ಲಿಯೂ ಕೆಲವು ವಿನಾಯಿತಿಗಳನ್ನು ಬಿಟ್ಟರೆ ಕೊಳ್ಳುವವನೇ ಎಚ್ಚರದಿಂದಿರಬೇಕೆಂಬ ತತ್ತ್ವವೇ ಅಡಿಪಾಯ.

ಕಾನೂನು ಹೀಗಿರುವುದಕ್ಕೆ ಕಾರಣವಿದೆ. ಪ್ರತಿಯೊಂದು ಮೌನವನ್ನೂ ವಿಚಾರಣೆಗೆ ಎಳೆದರೆ ನ್ಯಾಯಾಲಯಗಳು ಸಾಲವು, ವ್ಯಾಪಾರವೂ ನಡೆಯದು. ಕಾನೂನು ಸಮಾಜವು ಕುಸಿಯದಂತೆ ಹಾಕಿದ ನೆಲಗಟ್ಟು. ವ್ರತವಾದರೋ ಮನುಷ್ಯನು ತನಗೆ ತಾನೇ ಹಾಕಿಕೊಂಡ ಕಟ್ಟು. ಎರಡರ ಅಳತೆಯೂ ಒಂದೇ ಆಗಿರಬೇಕಾಗಿಲ್ಲ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಒಂದೊಂದು ಅಣುವ್ರತಕ್ಕೂ ಐದೈದು ಅತಿಚಾರಗಳನ್ನು ಹೇಳಿದ್ದಾರೆ. ವರ್ತಕನು ಅವುಗಳನ್ನು ಓದಿದರೆ ಆಚಾರ್ಯರು ಅಂಗಡಿಯ ಬೀದಿಯನ್ನು ಬಲ್ಲವರೆಂಬುದು ಕೂಡಲೇ ಹೊಳೆಯುತ್ತದೆ. ಅಚೌರ್ಯದ ಅತಿಚಾರಗಳಲ್ಲಿ ಕದ್ದ ಮಾಲನ್ನು ಕೊಳ್ಳುವುದು, ಕೊಡುವಾಗ ಕಡಮೆಯೂ ತೆಗೆದುಕೊಳ್ಳುವಾಗ ಹೆಚ್ಚೂ ಆಗುವ ಅಳತೆ ತೂಕಗಳು, ಅಸಲಿನ ಹೆಸರಿನಲ್ಲಿ ನಕಲಿಯ ವ್ಯಾಪಾರ ಇವು ಸೇರಿವೆ. ದೀಪದ ವರ್ತಕನು ಇವು ಯಾವುವನ್ನೂ ಮಾಡಿಲ್ಲ ಎನ್ನಬಹುದು. ಆದರೆ ಸತ್ಯಾಣುವ್ರತದ ಅತಿಚಾರಗಳಲ್ಲಿ ನ್ಯಾಸಾಪಹಾರವೆಂಬುದೊಂದಿದೆ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಅದನ್ನು ವಿವರಿಸಿರುವ ರೀತಿ ಗಮನಾರ್ಹವಾಗಿದೆ. ಒಬ್ಬನು ಇನ್ನೊಬ್ಬನ ಬಳಿ ಹಣವನ್ನು ಇಟ್ಟಿದ್ದಾನೆ. ಎಷ್ಟು ಇಟ್ಟೆನೆಂಬುದನ್ನು ಮರೆತು, ಹಿಂದಕ್ಕೆ ಕೇಳುವಾಗ ಕಡಮೆ ಲೆಕ್ಕ ಹೇಳುತ್ತಾನೆ. ಇಟ್ಟುಕೊಂಡವನು ಹಾಗೆಯೇ ಆಗಲಿ ಎಂದು ಒಪ್ಪಿ ಅಷ್ಟನ್ನೇ ಕೊಡುತ್ತಾನೆ. ಇಲ್ಲಿ ಸುಳ್ಳು ಲೆಕ್ಕ ಹೇಳಿದವನು ಹಣದ ಒಡೆಯನೇ. ಇನ್ನೊಬ್ಬನು ಅವನ ಮಾತಿಗೆ ‘ಹೂಂ’ ಎಂದಿದ್ದಾನೆ ಅಷ್ಟೆ. ಆ ‘ಹೂಂ’ ಎಂಬುದೇ ದೋಷವೆಂದು ಆಚಾರ್ಯರು ಎಣಿಸಿದ್ದಾರೆ.

ದೀಪ ನ್ಯಾಸವಲ್ಲ, ಅಂದರೆ ನಂಬಿ ಇಟ್ಟ ಒತ್ತೆಯಲ್ಲ, ನಿಜ. ಆದರೂ ತತ್ತ್ವ ಅಲ್ಲಿಯದೇ. ಒಡೆಯನ ಮರೆವಿನಿಂದಾಗಲಿ ಅಜ್ಞಾನದಿಂದಾಗಲಿ ಹುಟ್ಟಿದ ತಪ್ಪು ಲೆಕ್ಕಕ್ಕೆ, ಸರಿಯಾದ ಲೆಕ್ಕ ಬಲ್ಲವನು ಸಮ್ಮತಿಯ ಮುದ್ರೆ ಒತ್ತುವುದು ಸತ್ಯಕ್ಕೆ ಹೊರತು. ಅಚೌರ್ಯದ ಮತ್ತೊಂದು ಅತಿಚಾರವಾದ ವಿರುದ್ಧರಾಜ್ಯಾತಿಕ್ರಮವನ್ನು ವಿವರಿಸುವಾಗಲೂ ಪೂಜ್ಯಪಾದರು, ರಾಜ್ಯವ್ಯವಸ್ಥೆ ಕೆಟ್ಟ ಕಾಲದಲ್ಲಿ ಬೆಲೆಬಾಳುವ ವಸ್ತುಗಳು ಅಲ್ಪ ಬೆಲೆಗೆ ಸಿಗುತ್ತವೆಂದು ಅವುಗಳ ಬೆನ್ನು ಹತ್ತುವ ಪ್ರಯತ್ನವನ್ನೇ ಎತ್ತಿ ತೋರಿಸಿದ್ದಾರೆ. ಮನೆಯ ಯಜಮಾನ ಸತ್ತ ಎಂಟು ದಿನಗಳ ರಜೆಯೂ ಆ ಮನೆಗೆ ವ್ಯವಸ್ಥೆ ಕೆಟ್ಟ ಕಾಲವೇ ಆಗಿದೆ.

ಇಲ್ಲಿ ವರ್ತಕನ ಪಕ್ಷದಿಂದ ಒಂದು ಬಲವಾದ ಆಕ್ಷೇಪ ಏಳುತ್ತದೆ. ಅದನ್ನು ಹಗುರವಾಗಿ ತಳ್ಳಿಹಾಕುವುದು ನ್ಯಾಯವಲ್ಲ. ಹಿತ್ತಾಳೆ ಯಾವುದು, ಕಂಚು ಯಾವುದು, ಎರಕ ಯಾವ ಕಾಲದ್ದು ಎಂಬುದನ್ನು ಅವನು ಮೂವತ್ತು ವರ್ಷ ಬಿಸಿಲಲ್ಲಿ ತಿರುಗಿ, ಹಲವು ಸಲ ಮೋಸಹೋಗಿ, ನಷ್ಟ ತಿಂದು ಕಲಿತಿದ್ದಾನೆ. ವೈದ್ಯನು ತನ್ನ ತಿಳಿವಳಿಕೆಗೆ ಶುಲ್ಕ ಪಡೆಯುತ್ತಾನೆ, ವಕೀಲನು ಪಡೆಯುತ್ತಾನೆ. ವರ್ತಕನು ಮಾತ್ರ ತನ್ನ ತಿಳಿವಳಿಕೆಯನ್ನು ಅಂಗಳದಲ್ಲಿ ಬಿಟ್ಟಿಯಾಗಿ ಹಂಚಬೇಕೇ? ಹಾಗೆ ಹಂಚಿದರೆ ಮಾರುವವರು ಅವನಿಂದ ಬೆಲೆ ತಿಳಿದುಕೊಂಡು ಪಕ್ಕದ ಅಂಗಡಿಯವನಿಗೆ ಮಾರುವರು. ಅವನ ಮನೆಯ ಒಲೆ ಉರಿಯುವುದು ಹೇಗೆ?

ಈ ಆಕ್ಷೇಪಕ್ಕೆ ಉತ್ತರ ಹುಡುಕಲು ಬೌದ್ಧರ ಸೇರಿವಾಣಿಜ ಜಾತಕದ ಕಥೆ ಸಹಾಯ ಮಾಡುತ್ತದೆ. ಹಳೆಯ ಸಾಮಾನಿನ ಚೌಕಾಸಿಯನ್ನೇ ಕುರಿತ ಬಹು ಪ್ರಾಚೀನ ಕಥೆ ಅದು. ಇಬ್ಬರು ತಿರುಗುವ ವ್ಯಾಪಾರಿಗಳು ಒಂದು ಪಟ್ಟಣಕ್ಕೆ ಬಂದು ಬೀದಿಗಳನ್ನು ಹಂಚಿಕೊಳ್ಳುತ್ತಾರೆ. ಒಬ್ಬನು ಮುಗಿಸಿದ ಬೀದಿಗೆ ಇನ್ನೊಬ್ಬನು ಹೋಗಬಹುದೆಂಬುದು ಅವರ ಒಪ್ಪಂದ. ಅಲ್ಲಿ ಒಂದು ಕಾಲಕ್ಕೆ ಸಿರಿವಂತವಾಗಿದ್ದು ಈಗ ಬಡತನಕ್ಕಿಳಿದ ಮನೆಯಲ್ಲಿ ಒಬ್ಬ ಅಜ್ಜಿ ಮತ್ತು ಮೊಮ್ಮಗಳು ಮಾತ್ರ ಉಳಿದಿದ್ದಾರೆ. ಮೊಮ್ಮಗಳು ಒಂದು ಒಡವೆಗೆ ಆಸೆಪಟ್ಟಾಗ, ಮೂಲೆಯಲ್ಲಿ ಬಿದ್ದಿದ್ದ ಕೊಳೆ ಹಿಡಿದ ಹಳೆಯ ಬಟ್ಟಲನ್ನು ಕೊಟ್ಟು ಅದನ್ನು ಪಡೆಯಲು ಯೋಚಿಸುತ್ತಾರೆ. ಮೊದಲು ಬಂದ ವ್ಯಾಪಾರಿ ಸೂಜಿಯಿಂದ ಬಟ್ಟಲಿನ ಬೆನ್ನನ್ನು ಕೆರೆದು ನೋಡಿ ಅದು ಚಿನ್ನವೆಂದು ಅರಿಯುತ್ತಾನೆ. ಅದನ್ನು ಬಿಟ್ಟಿಯಾಗಿ ಹೊಡೆಯುವ ಆಸೆಯಿಂದ, ಇದು ಅರ್ಧ ಮಾಷಕವೂ ಬಾಳದೆಂದು ನೆಲಕ್ಕೆ ಎಸೆದು ಎದ್ದು ಹೋಗುತ್ತಾನೆ. ಅನಂತರ ಬಂದ ಎರಡನೆಯ ವ್ಯಾಪಾರಿ, ಈ ಬಟ್ಟಲು ಒಂದು ಲಕ್ಷ ಬಾಳುತ್ತದೆಂದೂ, ಅಷ್ಟು ಬೆಲೆಯ ಸರಕು ತನ್ನಲ್ಲಿಲ್ಲವೆಂದೂ ಇದ್ದುದನ್ನು ಇದ್ದಂತೆ ಹೇಳುತ್ತಾನೆ. ಅಜ್ಜಿ ಅವನ ಮಾತಿಗೆ ಮೆಚ್ಚಿ, ಕೊಡುವಷ್ಟು ಕೊಟ್ಟು ನೀನೇ ತೆಗೆದುಕೊಂಡು ಹೋಗೆನ್ನುತ್ತಾಳೆ. ಅವನು ತನ್ನಲ್ಲಿದ್ದ ಐನೂರು ಕಹಾಪಣ ನಾಣ್ಯಗಳನ್ನೂ ಐನೂರರಷ್ಟು ಬೆಲೆಯ ಸರಕನ್ನೂ ಕೊಟ್ಟು, ತಕ್ಕಡಿ, ಚೀಲ ಮತ್ತು ಎಂಟು ಕಹಾಪಣಗಳನ್ನು ಮಾತ್ರ ಉಳಿಸಿಕೊಂಡು ಹೊಳೆ ದಾಟುತ್ತಾನೆ.

ಈ ಕಥೆಯಲ್ಲಿ ಸುಲಭವಾಗಿ ಕಣ್ಣು ತಪ್ಪುವ ಒಂದು ಅಂಶವಿದೆ. ಒಳ್ಳೆಯ ವ್ಯಾಪಾರಿ ಲಕ್ಷ ಬಾಳುವ ವಸ್ತುವನ್ನು ಸುಮಾರು ಸಾವಿರಕ್ಕೆ ಪಡೆದನು. ಬರಿಯ ಅಂಕಿಗಳನ್ನು ನೋಡಿದರೆ ಅವನ ಲಾಭ ಅಪಾರವಾದುದು. ಆದರೂ ಕಥೆ ಅವನನ್ನು ಬೋಧಿಸತ್ತ್ವನೆಂದು ಕರೆಯಿತು. ಪೂರ್ಣ ಬೆಲೆ ಕೊಟ್ಟನೆಂಬುದು ಅದಕ್ಕೆ ಕಾರಣವಾಗಲಾರದು. ಬಟ್ಟಲು ಏನೆಂಬುದನ್ನು ಅವನು ಬೆಲೆಯ ಮಾತಿಗಿಂತ ಮೊದಲೇ ಹೇಳಿದನು. ಅನಂತರ ಕೊಟ್ಟ ಅಜ್ಜಿ ತಿಳಿದು ಕೊಟ್ಟಳು. ಇನ್ನೊಬ್ಬನನ್ನು ಕಾಯುವ, ಮಾರದೆ ಇಟ್ಟುಕೊಳ್ಳುವ ದಾರಿಗಳು ಅವಳಿಗೆ ತೆರೆದಿದ್ದವು. ಮೊದಲನೆಯವನು ಆ ದಾರಿಗಳನ್ನೇ ಅವಳಿಂದ ಕಿತ್ತುಕೊಳ್ಳಲು ಹವಣಿಸಿದ್ದನು.

ಇದರಿಂದ ವರ್ತಕನ ಆಕ್ಷೇಪಕ್ಕೆ ಉತ್ತರ ದೊರೆಯುತ್ತದೆ. ವರ್ತಕನ ತಿಳಿವಳಿಕೆಯಲ್ಲಿ ಎರಡು ಬಗೆಯುಂಟು. ವಸ್ತುವಿನ ಸ್ವರೂಪವನ್ನು ಕುರಿತದ್ದು ಒಂದು. ಮಾರುಕಟ್ಟೆಯನ್ನು ಕುರಿತದ್ದು ಇನ್ನೊಂದು. ಇದು ಹಿತ್ತಾಳೆಯಲ್ಲ ಕಂಚು, ಈ ಪುಸ್ತಕ ಮೊದಲ ಮುದ್ರಣದ್ದು, ಈ ಗಾಡಿಯ ಚೌಕಟ್ಟು ಅಪಘಾತದಲ್ಲಿ ಬಾಗಿದೆ ಎಂಬುದು ಸ್ವರೂಪದ ತಿಳಿವಳಿಕೆ. ಯಾವ ಊರಿನ ಯಾವ ಗಿರಾಕಿ ಇದನ್ನು ಕೊಳ್ಳುತ್ತಾನೆ, ಅವನ ಬಳಿಗೆ ಹೇಗೆ ಹೋಗಬೇಕು, ರಿಪೇರಿಗೆ ಯಾರು ಒಳ್ಳೆಯವರು, ಎಷ್ಟು ತಿಂಗಳು ಬಂಡವಾಳ ಕಟ್ಟಿಹಾಕಬೇಕು ಎಂಬುದು ಮಾರುಕಟ್ಟೆಯ ತಿಳಿವಳಿಕೆ. ಎರಡನೆಯದು ವರ್ತಕನ ಶ್ರಮದ ಫಲ. ಅಂಗಡಿ ಬಾಡಿಗೆ, ಸಾಗಣೆ, ಮಾರಾಟವಾಗದೆ ಉಳಿಯುವ ಭಯ ಎಲ್ಲವನ್ನೂ ಹೊತ್ತವನು ಅವನೇ ಆದುದರಿಂದ, ಅದರ ಮೇಲಿನ ಲಾಭ ನ್ಯಾಯೋಪಾತ್ತವಾದುದು. ಅದನ್ನು ಅವನು ಯಾರಿಗೂ ಒಪ್ಪಿಸಬೇಕಾಗಿಲ್ಲ. ವಸ್ತುವಿನ ಸ್ವರೂಪವಾದರೋ ವಸ್ತುವಿನೊಡನೆಯೇ ಇರುವಂಥದು. ಕಂಚು ವರ್ತಕನು ಕಂಡುಹಿಡಿದುದರಿಂದ ಕಂಚಾದುದಲ್ಲ. ಒಡೆಯನಾಗಿರುವವರೆಗೆ ಅದರ ನಿಜವೂ ಒಡೆಯನದೇ ಆಗಿರುತ್ತದೆ. ಪರೀಕ್ಷಿಸಿದ ಶ್ರಮಕ್ಕೆ ಬೇಕಾದರೆ ವರ್ತಕನು ಮೊದಲೇ ಹೇಳಿ ಕೂಲಿ ಪಡೆಯಲಿ. ಅದರಲ್ಲಿ ನಾಚಿಕೆ ಪಡತಕ್ಕದ್ದೇನೂ ಇಲ್ಲ.

ಮಾರುವವನಿಗೂ ಇದೇ ನಿಯಮ ಅನ್ವಯಿಸುತ್ತದೆ. ಬಳಸಿದವನಿಗೆ ವಸ್ತುವಿನ ರೋಗ ಗೊತ್ತು. ಕೊಳ್ಳುವವನಿಗೆ ಅದರ ಹೊಳಪು ಮಾತ್ರ ಕಾಣುತ್ತದೆ. ಬೇಸಗೆಯಲ್ಲಿ ನಿಂತುಹೋಗುವ ರೆಫ್ರಿಜರೇಟರನ್ನು ಮಾರ್ಗಶಿರದಲ್ಲಿ ಮಾರುವವನು ಸುಳ್ಳು ಹೇಳಬೇಕಾಗಿಯೇ ಇಲ್ಲ, ಚಳಿಗಾಲವೇ ಅವನ ಪರವಾಗಿ ಸುಳ್ಳು ಹೇಳುತ್ತದೆ. ವಾಹನವು ಓಡಿದ ಕಿಲೋಮೀಟರುಗಳನ್ನು ತೋರಿಸುವ ಮೀಟರನ್ನು ಹಿಂದಕ್ಕೆ ತಿರುಗಿಸುವುದು ಕಾನೂನಿನ ಕಣ್ಣಿಗೂ ವಂಚನೆ. ಎಂಜಿನ್ ಎಣ್ಣೆ ಕುಡಿಯುತ್ತದೆಂಬುದನ್ನು ಹೇಳದಿರುವುದು ಕಾನೂನಿಗೆ ಸಿಗದಿರಬಹುದು, ವ್ರತಕ್ಕೆ ಸಿಗುತ್ತದೆ. ವಾಹನ ಮಾರಿದವನು 14 ದಿನಗಳೊಳಗೆ ಅದನ್ನು ನೋಂದಣಿ ಕಚೇರಿಗೆ ತಿಳಿಸಬೇಕೆಂಬ ನಿಯಮವನ್ನು 1988ರ ಮೋಟಾರು ವಾಹನ ಕಾಯಿದೆ ವಿಧಿಸಿದೆ. ಹಣ ಕೈಗೆ ಬಂದೊಡನೆ ಮರೆಯುವ ಈ ಕಾಗದಪತ್ರದ ಕೆಲಸವೂ ಮಾರಾಟದ ಸತ್ಯಕ್ಕೆ ಸೇರಿದುದೇ.

ಹಾಗಾದರೆ ಮೊದಲು ಹೆಚ್ಚು ಬೆಲೆ ಹೇಳಿ ಆಮೇಲೆ ಇಳಿಸುವುದು ಅಸತ್ಯವೇ? ಐನೂರಕ್ಕೆ ಕೊಡಲು ಸಿದ್ಧನಾದವನು ಎಂಟುನೂರೆಂದು ಆರಂಭಿಸುತ್ತಾನೆ; ಐನೂರು ಕೊಡಬಲ್ಲವನು ಮುನ್ನೂರೆನ್ನುತ್ತಾನೆ. ಚೌಕಾಸಿ ನಡೆಯುತ್ತದೆಂದು ಇಬ್ಬರಿಗೂ ಗೊತ್ತಿರುವ ಕಡೆ ಮೊದಲ ಬೆಲೆ ಮಾತುಕತೆಗೆ ಕರೆಯುವ ಕರೆ. ವಸ್ತುವಿನ ವಿಷಯದಲ್ಲಿ ಅದು ಏನನ್ನೂ ಸಾರುವುದಿಲ್ಲ, ಯಾರನ್ನೂ ನಂಬಿಸುವುದಿಲ್ಲ. ಆದುದರಿಂದ ಅದರಲ್ಲಿ ದೋಷವನ್ನು ಹುಡುಕಬೇಕಾಗಿಲ್ಲ. ಆದರೆ ಚೌಕಾಸಿಯ ಪದ್ಧತಿಯನ್ನೇ ಅರಿಯದವನು, ಮಗು, ಪರಸ್ಥಳದವನು, ಕೇಳಿದಷ್ಟು ಕೊಟ್ಟುಬಿಡುವ ಸಾಧುಸ್ವಭಾವದವನು ಎದುರಿಗೆ ನಿಂತಾಗ ಅದೇ ಕರೆ ಬಲೆಯಾಗುತ್ತದೆ. ಅಂಥವನು ಎಂಟುನೂರನ್ನು ಎಣಿಸತೊಡಗಿದರೆ ತಡೆದು ಐನೂರನ್ನು ತೆಗೆದುಕೊಳ್ಳುವವನೇ ಶ್ರಾವಕನು.

ಬೆಲೆಯನ್ನು ಹೇಳುವುದು ಬೇರೆ, ಬೆಲೆಗೆ ಆಧಾರವಾಗಿ ಸಂಗತಿಯನ್ನು ಹೇಳುವುದು ಬೇರೆ. ‘ಎಂಟುನೂರು ಕೊಡಿ’ ಎಂಬುದು ಕೇಳಿಕೆ. ‘ನಿನ್ನೆ ಒಬ್ಬರು ಏಳುನೂರಕ್ಕೆ ಕೇಳಿ ಹೋದರು’ ಎಂಬುದು ಸಂಗತಿ. ಯಾರೂ ಕೇಳಿರದಿದ್ದರೆ ಅದು ಸ್ಪಷ್ಟವಾದ ಅಸತ್ಯ. ‘ಅಸಲಿಗೇ ಕೊಡುತ್ತಿದ್ದೇನೆ’, ‘ಬೋಣಿಯ ಹೊತ್ತು, ನಷ್ಟಕ್ಕೆ ಹಾಕುತ್ತಿದ್ದೇನೆ’, ‘ಪಕ್ಕದ ಬೀದಿಯಲ್ಲಿ ಇದೇ ನಾನೂರಕ್ಕೆ ಸಿಗುತ್ತದೆ’ ಎಂಬುವೂ ಹೀಗೆಯೇ. ಮಧ್ಯಾಹ್ನ ಮೂರು ಗಂಟೆಗೂ ಬೋಣಿಯಾಗದ ಅಂಗಡಿಗಳು ನಮ್ಮ ಪೇಟೆಗಳಲ್ಲಿ ಎಷ್ಟೋ ಇವೆ. ಮಕ್ಕಳ ಮೇಲೆ, ದೇವರ ಮೇಲೆ ಆಣೆಯಿಟ್ಟು ಬೆಲೆ ಹೇಳುವುದು ಇವೆಲ್ಲಕ್ಕಿಂತ ಕೀಳು. ಹತ್ತಾರು ರೂಪಾಯಿಗಳಿಗಾಗಿ ಅಂಥ ಮಾತನ್ನು ಅಡವಿಡುವವನಿಗೆ ಕಷ್ಟಕಾಲದಲ್ಲಿ ನಂಬಿಸಲು ಯಾವ ಮಾತೂ ಉಳಿದಿರುವುದಿಲ್ಲ.

ಹಳಿದು ಕೊಳ್ಳುವುದು ಕೊಳ್ಳುವವನ ಸುಳ್ಳು. ಜಾತಕದ ವ್ಯಾಪಾರಿ ಬಟ್ಟಲನ್ನು ಎಸೆದಂತೆ ಇಂದಿನವನು ಕಪಾಟಿನ ಬಾಗಿಲನ್ನು ದಡಾರನೆ ಮುಚ್ಚಿ, ‘ಇದನ್ನು ಸೌದೆಗೂ ಯಾರೂ ಕೊಳ್ಳುವುದಿಲ್ಲ’ ಎನ್ನುತ್ತಾನೆ. ಬೇಡವಾದ ವಸ್ತುವನ್ನು ಯಾರೂ ಇಪ್ಪತ್ತು ನಿಮಿಷ ನಿಂತು ಹಳಿಯುವುದಿಲ್ಲ, ಬೇಕೆನಿಸಿದ್ದರಿಂದಲೇ ಹಳಿಯುತ್ತಿದ್ದಾನೆ. ಹಳೆಯ ಸಾಮಾನನ್ನು ಹಳಿದಾಗ ಅದನ್ನು ಬಳಸಿದ ಬದುಕನ್ನೂ ಹಳಿದಂತಾಗುತ್ತದೆಂಬುದನ್ನು ಅವನು ಯೋಚಿಸುವುದಿಲ್ಲ. ಆ ಕಪಾಟಿನಲ್ಲಿ ಒಬ್ಬಳ ಮದುವೆಯ ಸೀರೆಗಳಿದ್ದವು. ಬಿರುಕಿದ್ದರೆ ಬಿರುಕನ್ನು ತೋರಿಸಿ, ಅದಕ್ಕೆ ತಗಲುವ ಖರ್ಚನ್ನು ಹೇಳಿ ಬೆಲೆ ಇಳಿಸಿರೆಂದು ಕೇಳುವುದರಲ್ಲಿ ಯಾರಿಗೂ ಅವಮಾನವಿಲ್ಲ. ನಮ್ಮ ದನದ ಜಾತ್ರೆಗಳಲ್ಲಿ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವ ಪದ್ಧತಿಯಿದೆ. ಬೆಲೆ ಮೂರನೆಯವರಿಗೆ ತಿಳಿಯದಿರಲೆಂಬುದು ಅದರ ಉದ್ದೇಶ. ಆದರೆ ಹತ್ತು ಜನರೆದುರು ತನ್ನ ಎತ್ತಿನ ಬೆಲೆಯನ್ನು ಕೂಗಿ ಇಳಿಸುವ ಅಪಮಾನವನ್ನೂ ಆ ಟವೆಲು ರೈತನಿಗೆ ತಪ್ಪಿಸುತ್ತದೆ.

ಮರ್ಯಾದೆಯ ಉಳಿದ ನಿಯಮಗಳು ಸಾಮಾನ್ಯ ವಿವೇಕಕ್ಕೆ ಎಟುಕುವಂಥವೇ. ಕೊಳ್ಳುವ ಮನಸ್ಸಿಲ್ಲದೆ ಹೊತ್ತು ಕಳೆಯಲು ಬೆಲೆ ಕುದುರಿಸಬಾರದು. ತಿರುಗಿ ಮಾರುವವನ ಹೊತ್ತೇ ಅವನ ಬಂಡವಾಳ. ತಾನು ಕೇಳಿದ ಬೆಲೆಗೆ ಎದುರಿನವನು ಒಪ್ಪಿದ ಮೇಲೆ ಇನ್ನೂ ಇಳಿಸೆನ್ನಬಾರದು. ಇಬ್ಬರು ಮಾತಾಡುತ್ತಿರುವಾಗ ಮೂರನೆಯವನು ನಡುವೆ ಬಾಯಿ ಹಾಕಿ ಏರಿಸಲೂಬಾರದು, ಕೆಡಿಸಲೂಬಾರದು. ಇಂದು ಮೊಬೈಲ್ ಫೋನಿನಲ್ಲಿ ಚಿತ್ರ ನೋಡಿ, ಬೆಲೆ ಒಪ್ಪಿ, ಬರುತ್ತೇನೆಂದು ಹೇಳಿ ಬಾರದೆ ಇರುವವರು ಹೆಚ್ಚಾಗಿದ್ದಾರೆ. ಅವರಿಗಾಗಿ ಕಾದವನು ಬಂದ ಬೇರೆ ಗಿರಾಕಿಯನ್ನು ಹಿಂದಕ್ಕೆ ಕಳುಹಿಸಿರುತ್ತಾನೆ. ಮುಖ ಕಾಣಿಸದ ಮಾತ್ರಕ್ಕೆ ಕೊಟ್ಟ ಮಾತು ಸಡಿಲವಾಗುವುದಿಲ್ಲ.

ಕೊಟ್ಟ ಮಾತಿನ ವಿಷಯದಲ್ಲಿ ಶ್ರೀಮದ್ ರಾಜಚಂದ್ರರ ಜೀವನದಿಂದ ಒಂದು ಪ್ರಸಂಗವನ್ನು ಹೇಳುತ್ತಾರೆ. 1867ರಲ್ಲಿ ಹುಟ್ಟಿ 1901ರಲ್ಲಿ ತೀರಿಕೊಂಡ ರಾಜಚಂದ್ರರು ಮುಂಬಯಿಯಲ್ಲಿ ರತ್ನ ವ್ಯಾಪಾರಿಗಳಾಗಿದ್ದರು. ಗಾಂಧೀಜಿಯವರ ಮೇಲೆ ಅವರ ಪ್ರಭಾವ ಸರ್ವವಿದಿತವಾಗಿದೆ. ಒಬ್ಬ ಅರಬ ವ್ಯಾಪಾರಿಯ ತಮ್ಮನು ಅಣ್ಣನಿಗೆ ತಿಳಿಸದೆ ಮುತ್ತುಗಳನ್ನು ಅವರಿಗೆ ಮಾರಿದನಂತೆ. ಆ ಮುತ್ತುಗಳನ್ನು ಹೆಚ್ಚಿನ ಬೆಲೆಗಲ್ಲದೆ ಕೊಡಕೂಡದೆಂಬ ಸೂಚನೆಯಿತ್ತೆಂದು ಅಣ್ಣನು ಸಿಟ್ಟಾದಾಗ, ತಮ್ಮನು ಹೆದರಿ ಬಂದು ತನ್ನ ತಪ್ಪನ್ನು ಹೇಳಿಕೊಂಡನು. ವ್ಯಾಪಾರ ಮುಗಿದಿತ್ತು, ಹಣ ಸಂದಿತ್ತು. ಆದರೂ ರಾಜಚಂದ್ರರು ಮುತ್ತಿನ ಗಂಟನ್ನು ಹಾಗೆಯೇ ಹಿಂದಿರುಗಿಸಿ, ಕೊಟ್ಟ ಹಣವನ್ನಷ್ಟೇ ಮರಳಿ ಪಡೆದರೆಂದು ಪ್ರಸಿದ್ಧಿ. ತಮ್ಮನಿಗೆ ಹಿಂದಕ್ಕೆ ಕೇಳುವ ಹಕ್ಕಿರಲಿಲ್ಲ. ಇದರಿಂದ ತಿಳಿಯತಕ್ಕದ್ದೇನೆಂದರೆ, ಮಾತು ತನ್ನನ್ನು ತಾನು ಕಟ್ಟಿಕೊಳ್ಳಲು ಇರುವುದು. ತಪ್ಪಿ ನಡೆದ ಎದುರಿನವನ ಕೊರಳಿಗೆ ಬಿಗಿಯುವುದಕ್ಕಲ್ಲ. ಮಾರಿದವನ ಅಜ್ಞಾನಕ್ಕೆ ಹೇಳಿದ್ದು ಅವನ ಸಂಕಟಕ್ಕೂ ಸಲ್ಲುತ್ತದೆ. ಆಸ್ಪತ್ರೆಯ ಖರ್ಚಿಗೆಂದು ಮಗಳ ಸೈಕಲನ್ನು ಮಾರಲು ಬಂದವನು ಯಾವ ಬೆಲೆಗೂ ಒಪ್ಪುತ್ತಾನೆ. ಆ ಒಪ್ಪಿಗೆಯನ್ನು ಸ್ವಇಚ್ಛೆಯೆಂದು ಕರೆಯಲು ಕೊಳ್ಳುವವನ ಮನಸ್ಸೇ ಹಿಂಜರಿಯಬೇಕು. ಬೇರೆಯ ದಿನ, ಬೇರೆಯವನು ತಂದಿದ್ದರೆ ಎಷ್ಟು ಕೊಡುತ್ತಿದ್ದನೋ ಅಷ್ಟನ್ನು ಕೊಡುವುದು ದಾನವಲ್ಲ, ನ್ಯಾಯ.

ಹಳೆಯ ಸಾಮಾನಿಗೇ ವಿಶಿಷ್ಟವಾದ ಮೂರು ಎಚ್ಚರಿಕೆಗಳನ್ನು ಇಲ್ಲಿ ಸೇರಿಸಬೇಕು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅಚೌರ್ಯವನ್ನು ಹೇಳುವಾಗ, ಇಟ್ಟದ್ದು, ಬಿದ್ದದ್ದು, ಮರೆತದ್ದು ಇವುಗಳಲ್ಲಿ ಯಾವುದನ್ನೂ ಕೊಡದೆ ತೆಗೆದುಕೊಳ್ಳಬಾರದೆಂದಿದ್ದಾರೆ. ಕೊಂಡ ಕಪಾಟಿನ ಒಳಖಾನೆಯಲ್ಲಿ ಉಂಗುರ ಸಿಕ್ಕರೆ, ಕೊಂಡದ್ದು ಕಪಾಟೇ ಹೊರತು ಉಂಗುರವಲ್ಲ. ಅದು ಮರೆತದ್ದು, ಹಿಂದಿರುಗಬೇಕಾದದ್ದು. ಎರಡನೆಯದು, ಅತಿಯಾದ ಅಗ್ಗಕ್ಕೆ ಬಂದ ವಸ್ತುವಿನ ಮೂಲವನ್ನು ವಿಚಾರಿಸುವುದು. ಕದ್ದ ಮಾಲನ್ನು ತಿಳಿದು ಕೊಳ್ಳುವುದು 1860ರ ದಂಡಸಂಹಿತೆಯ 411ನೆಯ ಕಲಮಿನಂತೆ ಅಪರಾಧವಾಗಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 317ನೆಯ ಕಲಮಿನಂತೆಯೂ ಅಪರಾಧವೇ. ತಿಳಿಯದಿರಲೆಂದೇ ಕೇಳದೆ ಸುಮ್ಮನಿರುವವನು ತನ್ನ ಅಂತರಂಗಕ್ಕೆ ಏನು ಹೇಳಿಕೊಳ್ಳುತ್ತಾನೆ? ಮೂರನೆಯದು ಜೈನ ಮನೆಗಳಿಗೆ ಹತ್ತಿರದ್ದು. ಹಳೆಯ ಪೆಟ್ಟಿಗೆಗಳಲ್ಲಿ ತಾಳೆಗರಿಯ ಶಾಸ್ತ್ರಗಳು, ದೇವರ ಕೋಣೆಗಳಲ್ಲಿ ಪುರಾತನ ಬಿಂಬಗಳು ಇನ್ನೂ ಉಳಿದಿವೆ. 1972ರ ಪ್ರಾಚ್ಯವಸ್ತು ಕಾಯಿದೆಯಂತೆ ನೂರು ವರ್ಷಕ್ಕೆ ಕಡಮೆಯಿಲ್ಲದ ಇಂಥ ವಸ್ತುಗಳೂ, ಎಪ್ಪತ್ತೈದು ವರ್ಷಕ್ಕೆ ಕಡಮೆಯಿಲ್ಲದ ಬೆಲೆಯುಳ್ಳ ಹಸ್ತಪ್ರತಿಗಳೂ ಪ್ರಾಚ್ಯವಸ್ತುಗಳೆನಿಸುತ್ತವೆ. ಪರವಾನಗಿಯಿಲ್ಲದೆ ಅವುಗಳ ವ್ಯಾಪಾರ ಮಾಡುವಂತಿಲ್ಲ. ಅವು ಗುಜರಿಯ ತಕ್ಕಡಿಗೆ ಏರಬಾರದವು.

ಈಗ ತೊಟ್ಟಿಮನೆಯ ಅಂಗಳಕ್ಕೆ ಹಿಂದಿರುಗಬಹುದು. ವರ್ತಕನು ದೀಪವನ್ನು ಹಂಡೆಯೊಳಗೆ ಹಾಕುವ ಮೊದಲು ಕೈಯಲ್ಲಿ ಹಿಡಿದು, ‘ಅಮ್ಮ, ಇದು ಹಿತ್ತಾಳೆಯಲ್ಲ, ಕಂಚು. ಹಳೆಯ ಕೆಲಸ. ತೂಕಕ್ಕೆ ಹಾಕುವಂಥದಲ್ಲ. ನೂರು ವರ್ಷದ ಮೇಲಿನದೇನೋ ಯಾರಿಗಾದರೂ ತೋರಿಸಿ. ಅಲ್ಲವಾದರೆ, ಮಾರುವ ಮನಸ್ಸಿದ್ದರೆ, ನಾನು ಇಷ್ಟು ಕೊಡಬಲ್ಲೆ. ದೊಡ್ಡ ಊರಿನಲ್ಲಿ ಇದಕ್ಕಿಂತ ಹೆಚ್ಚು ಬರಬಹುದು, ನನಗೂ ಲಾಭ ಬೇಕು’ ಎಂದು ಹೇಳಬಹುದಿತ್ತು. ಇಷ್ಟು ಹೇಳಿದ ಮೇಲೆ ಅವನು ಎಷ್ಟು ಚೌಕಾಸಿ ಮಾಡಿದರೂ ಅದು ಸತ್ಯದ ಎಲ್ಲೆಯೊಳಗಿನ ಚೌಕಾಸಿ.

ಇಂಥ ಮಾತಿನಿಂದ ನಷ್ಟವೇನೂ ಇಲ್ಲವೆಂದು ಹೇಳಿದರೆ ಅದೂ ಒಂದು ಸುಳ್ಳಾದೀತು. ಆ ಮಾತನ್ನು ಕೇಳಿ ಮಗನು ದೀಪವನ್ನು ಬೆಂಗಳೂರಿಗೆ ಒಯ್ದು ಇನ್ನೊಬ್ಬನಿಗೆ ಮಾರಬಹುದು. ತಾಯಿ ಮಾರುವುದೇ ಬೇಡವೆಂದು ಅದನ್ನು ಸೆರಗಿನಿಂದ ಒರೆಸಿ ಒಳಗೆ ತೆಗೆದುಕೊಂಡು ಹೋಗಬಹುದು. ಸತ್ಯ ಹೇಳಿದವನ ಅಂಗಡಿಗೆ ನಾಳೆ ಹತ್ತು ಗಿರಾಕಿಗಳು ಬರುತ್ತಾರೆಂದು ಯಾರೂ ಭರವಸೆ ಕೊಡಲಾರರು. ವ್ರತವೆಂದರೆ ಲಾಭದ ಮತ್ತೊಂದು ಉಪಾಯವೆಂದು ತಿಳಿದವನು ಮೊದಲ ನಷ್ಟಕ್ಕೇ ಅದನ್ನು ಬಿಟ್ಟುಬಿಡುತ್ತಾನೆ. ಆ ದಿನ ವರ್ತಕನಿಗೆ ಹಂಡೆ, ಕೊಪ್ಪರಿಗೆ, ಚೊಂಬುಗಳ ಮೇಲೆ ಬರಬೇಕಾದ ಲಾಭ ಬರುತ್ತದೆ, ದೀಪದ ಮೇಲಿನದು ಬರುವುದಿಲ್ಲ. ಸಂಜೆ ಲೆಕ್ಕದ ಪುಸ್ತಕ ತೆರೆದು ಆ ದಿನದ ಕೊಡು-ಕೊಳ್ಳುಗಳನ್ನು ಬರೆಯುವಾಗ, ಅವನು ಮರೆಮಾಚಿ ಬರೆಯಬೇಕಾದ ಸಾಲು ಒಂದೂ ಇರುವುದಿಲ್ಲ.